ಎಡಕ್ಕೆ ನೋಡುವ ಮುಖಗಳು

ಹೋದ ತಿಂಗಳು ಸಂಬಂಧಿಕರೊಬ್ಬರ ಗೃಹಪ್ರವೇಶಕ್ಕೆ ಪೆರಂಬೂರಿಗೆ ಹೋಗಬೇಕಾಯಿತು. ಆ ಕಡೆ ಕಾಲಿಡದೆ ಹದಿನೈದು ವರ್ಷದ ಮೇಲಾಗಿತ್ತು. ಬೇಕೆಂದೇ ಇಟ್ಟಿರಲಿಲ್ಲ ಎಂದರೂ ತಪ್ಪಲ್ಲ. ಸ್ಟೇಷನ್ನಿನ ಮೇಲ್ಸೇತುವೆಯ ಕಂಬಿಗಳಿಗೆ ಯಾರೋ ಹಸಿರು ಬಣ್ಣ ಬಳಿಯುತ್ತಿದ್ದರು. ಬಿಸಿಲಿಗೆ ಆ ಪೇಂಟು ಒಣಗುವ ವಾಸನೆ ಮೂಗಿಗೆ ಬಡಿದದ್ದೇ ತಡ, ಮೆಟ್ಟಿಲಿಳಿಯಬೇಕಾದವಳು ಅಲ್ಲೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಹೆಂಗಸೊಬ್ಬಳು ತಮಿಳಿನಲ್ಲಿ ಏನೋ ಗೊಣಗಿ ನನ್ನನ್ನು ಬಳಸಿಕೊಂಡು ಹೋದಳು.

ಅದು ಚಿತ್ರಕಾರ ಆಚಾರ್ ಅವರ ಮನೆಯ ವಾಸನೆ. ಪ್ರತಿ ಬೇಸಿಗೆಯಲ್ಲೂ ಅವರು ತಮ್ಮ ಮನೆಯ ಕಿಟಕಿ ಕಂಬಿಗಳಿಗೆ ತಾವೇ ಬಣ್ಣ ಹೊಡೆಯುತ್ತಿದ್ದರು. ಹರೆಯದಲ್ಲಿ ರೈಲು ಡಬ್ಬಿಗಳ ಕಾರ್ಖಾನೆಯಲ್ಲಿದ್ದಾಗ ಅಂಟಿಕೊಂಡ ಚಟ ಅದು. ಅವರು ಹೋಗಿ ಎಷ್ಟೋ ವರ್ಷವಾಯಿತು. ನಾನು ಅವರಿಗೆ ಮಾಡಿದ್ದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಈಗ ಹೇಳಿದರೆ ಯಾರಿಗೂ ನಷ್ಟವಿಲ್ಲ, ನನಗಷ್ಟು ಭಾರ ಇಳಿದೀತು ಎನ್ನಿಸುತ್ತದೆ.

ನಾವಿದ್ದ ವೇಲಚೇರಿಗೆ ರೈಲು ಬಂದ ಮರುವರ್ಷ ಅದು. ನನಗಾಗ ಮೂವತ್ತೈದು. ಮೌಂಟ್ ರೋಡಿನ ಹಿಂದಿನ ಗಲ್ಲಿಯೊಂದರಲ್ಲಿದ್ದ ಮಕ್ಕಳ ಪುಸ್ತಕಗಳ ಪ್ರಕಾಶನದಲ್ಲಿ ನಾನು ಕನ್ನಡದ ಉಪಸಂಪಾದಕಿ. ತಮಿಳು, ತೆಲುಗು, ಕನ್ನಡ, ಮಲಯಾಳ, ನಾಲ್ಕರಲ್ಲೂ ಅದೇ ಪುಸ್ತಕ, ಅವೇ ಚಿತ್ರಗಳು, ಅಕ್ಷರವೊಂದೇ ಬೇರೆ. ಆ ಕೆಲಸಕ್ಕೆ ನನಗಿದ್ದ ಅರ್ಹತೆ ಇಷ್ಟೇ: ಕುಂದಾಪುರದ ಕಡೆಯಿಂದ ಬಂದು ಟ್ರಿಪ್ಲಿಕೇನಿನ ಹೋಟೆಲೊಂದರಲ್ಲಿ ಮೇಲ್ವಿಚಾರಕರಾಗಿ ಮುದುಕರಾದ ಅಪ್ಪ ಮನೆಯಲ್ಲಿ ಹಟ ಹಿಡಿದು ಕನ್ನಡ ಓದಿಸಿದ್ದರು, ಶಾಲೆ ತಮಿಳು ಕಲಿಸಿತ್ತು. ನಾನು ಸೇರಿದಾಗ ಹದಿಮೂರು ಜನರಿದ್ದ ಆಫೀಸಿನಲ್ಲಿ ಆ ಹೊತ್ತಿಗೆ ಐದು ಜನ ಉಳಿದಿದ್ದೆವು. ಹೋದವರ ಕೆಲಸವೆಲ್ಲ ಇದ್ದವರ ತಲೆಗೆ ಬರುವುದು ಲೋಕರೂಢಿ. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸವೂ ಹಾಗೆಯೇ ನನ್ನ ಪಾಲಿಗೆ ಬಂದಿತ್ತು. ಆಗ ನನಗೆ ಸದಾ ನಿದ್ದೆ. ಕುರ್ಚಿಯಲ್ಲಿ ಕೂತರೆ ನಿದ್ದೆ, ರೈಲಿನಲ್ಲಿ ನಿಂತರೂ ನಿದ್ದೆ.

ನಮ್ಮ ಮ್ಯಾನೇಜರ್ ಸುಂದರಂಗೆ ಜೂನ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ಒಂದು ಯೋಚನೆ ಬಂತು. ಹಳೆಯ ಕಾಲದ ಶೈಲಿಯಲ್ಲಿ, ಕೈಯಲ್ಲಿ ಬರೆದ ಚಿತ್ರಗಳಿರುವ ಒಂದು ಕಥಾಸಂಗ್ರಹ ತರಬೇಕು. ಜನವರಿಯ ಪುಸ್ತಕ ಸಂತೆಗೆ ಅದು ಸಿದ್ಧವಾಗಬೇಕು. ಇಪ್ಪತ್ತನಾಲ್ಕು ಚಿತ್ರ. ಚಿತ್ರಕಾರರು ಆಚಾರ್ ಸಾರೇ ಆಗಬೇಕು.

"ನೀಂಗ ಪೋಯ್ ಕೇಳುಂಗ, ವಾರಿಜಾ. ಅವರು ಕನ್ನಡಕ್ಕಾರರು, ನಿಮ್ಮ ಮಾತು ಕೇಳ್ತಾರೆ," ಎಂದರು ಸುಂದರಂ, ನೀವೇ ಹೋಗಿ ಕೇಳಿ ಎಂದು ತಮಿಳಿನಲ್ಲಿ ಶುರುಮಾಡಿ ನನಗೆ ಖುಷಿಯಾಗಲೆಂದು ತಮ್ಮ ಹರಕು ಕನ್ನಡದಲ್ಲಿ ಮುಗಿಸುತ್ತಾ.

ಹಯಗ್ರೀವಾಚಾರ್ ಅವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆದರೆ ಅವರು ಬರೆದ ಚಿತ್ರಗಳನ್ನು ನೋಡಿಯೇ ದೊಡ್ಡವಳಾದದ್ದು. ರಾಜನೆಂದರೆ ಹೇಗಿರುತ್ತಾನೆ, ಕಾಡೆಂದರೆ ಎಷ್ಟು ಕಪ್ಪು, ಸುಳ್ಳು ಹೇಳುವ ಮಂತ್ರಿಯ ಹುಬ್ಬು ಎಲ್ಲಿ ಬಾಗುತ್ತದೆ, ಇವೆಲ್ಲ ನನಗೆ ಗೊತ್ತಾದದ್ದು ಅವರ ಗೆರೆಯಿಂದ. ನನ್ನ ವಯಸ್ಸಿನ ಸಾವಿರಾರು ಮಕ್ಕಳಿಗೂ ಹಾಗೆಯೇ. ಆದರೂ ನಲವತ್ತು ವರ್ಷದಲ್ಲಿ ಒಂದು ಪುಸ್ತಕದಲ್ಲೂ ಅವರ ಹೆಸರಿರಲಿಲ್ಲ. 'ಚಿತ್ರಗಳು: ಕಲಾ ವಿಭಾಗ' ಎಂದು ಅಚ್ಚು ಹಾಕುವುದು ನಮ್ಮಲ್ಲಿನ ಪದ್ಧತಿ. ಚಿತ್ರದೊಳಗೆ ಯಾವ ಭಾಷೆಯ ಅಕ್ಷರವೂ ಇರಬಾರದೆಂಬ ನಿಯಮವಿದ್ದುದರಿಂದ ಸಹಿ ಹಾಕುವಂತೆಯೂ ಇರಲಿಲ್ಲ.

ಅವರ ಮನೆ ರೈಲು ಹಳಿಗೆ ಅಂಟಿಕೊಂಡ ಹಾಗಿತ್ತು. ನಾನು ವೇಲಚೇರಿಯಲ್ಲಿ ರೈಲು ಹತ್ತಿ, ಪಾರ್ಕ್ ಟೌನಿನಲ್ಲಿ ಇಳಿದು, ರಸ್ತೆ ದಾಟಿ ಸೆಂಟ್ರಲಿನ ಪಕ್ಕದಿಂದ ಇನ್ನೊಂದು ಲೋಕಲ್ ಹಿಡಿದು ಹೋಗುವಷ್ಟರಲ್ಲಿ ಸೀರೆ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು. ಮೊದಲ ದಿನ ಬಾಗಿಲು ತೆಗೆದವರು ಅವರ ಮಗಳು ಪದ್ಮಾ. ನಲವತ್ತೈದರ ಆಸುಪಾಸು, ಅಪ್ಪ ಹಿಂದೆ ಇದ್ದ ಅದೇ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತೆ. ಒಳಗೆ ಕಿಟಕಿಯ ಹತ್ತಿರ, ಇಳಿಜಾರು ಮೇಜಿನ ಮುಂದೆ, ಮೈಮೇಲೆ ಬರೀ ಒಂದು ಅಂಗವಸ್ತ್ರ ಹೊದ್ದು ಕುಳಿತಿದ್ದರು ಆಚಾರ್.

"ಬಾಮ್ಮಾ. ಚಪ್ಪಲಿ ಒಳಗೆ ನೆಳಲಲ್ಲಿ ಬಿಡು, ಇಲ್ದಿದ್ರೆ ಹೋಗೋವಾಗ ಕಾಲು ಸುಟ್ಟೋಗತ್ತೆ. ಟ್ರೈನ್‌ನಲ್ಲಿ ಕೂಟ್ಟಮಾ?"

ಜನ ತುಂಬಿದ್ದರೋ ಎಂದು ಅವರು ಕೇಳಿದ್ದು. ಅವರ ಕನ್ನಡ ಹಾಗೇ. ಮೂರು ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ಬಂದ ಮಾಧ್ವರ ಮನೆಮಾತು, ಅದರ ನಡುನಡುವೆ ತಮಿಳು ತನ್ನ ಮನೆಯೆಂಬಂತೆ ಕಾಲು ಚಾಚಿಕೊಂಡಿತ್ತು. ಪದ್ಮಾ ಅಂತೂ ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದರು.

ಅವರ ಬದುಕನ್ನು ಅವರು ನನಗೆ ಒಟ್ಟಿಗೆ ಹೇಳಲಿಲ್ಲ. ವಾರಕ್ಕೊಮ್ಮೆ ಹೋದಾಗ ಸಿಕ್ಕ ತುಂಡುಗಳನ್ನು ನಾನು ಜೋಡಿಸಿಕೊಂಡದ್ದು. ಅವರಪ್ಪ ಪುರೋಹಿತರು. ಮಗ ನೆಲದ ಮೇಲೆ ಸುಣ್ಣದಲ್ಲಿ ಆನೆ, ಕುದುರೆ ಗೀಚುವುದು ಅವರಿಗೆ ಸೇರುತ್ತಿರಲಿಲ್ಲ. ಹತ್ತೊಂಬತ್ತಕ್ಕೆ ಕಾರ್ಖಾನೆ ಸೇರಿ, ಹೊಸ ಡಬ್ಬಿಗಳ ಮೇಲೆ ಅಂಕಿ ಬರೆಯುವ ಕೆಲಸ. ಏಣಿಯ ಮೇಲೆ ನಿಂತು, ಸ್ಕೇಲಿಲ್ಲದೆ, ಒಂದಾಳುದ್ದದ ನೇರ ಗೆರೆ ಎಳೆಯುವುದನ್ನು ಕಲಿತದ್ದು ಅಲ್ಲಿ. ಇಪ್ಪತ್ತೆಂಟಕ್ಕೆ ಆ ಭದ್ರವಾದ ನೌಕರಿ ಬಿಟ್ಟು ನಮ್ಮ ಪ್ರಕಾಶನಕ್ಕೆ ಬಂದಾಗ ಅಪ್ಪ ಒಂದೇ ಮಾತು ಹೇಳಿದ್ದರಂತೆ: ಬರೆಯುವುದಾದರೆ ಬರೆ, ಆದರೆ ಶಾಸ್ತ್ರಕ್ಕೆ ತಪ್ಪಾಗಿ ಏನನ್ನೂ ಬರೆಯಬೇಡ, ಮಕ್ಕಳು ಅದನ್ನೇ ನಿಜವೆಂದು ತಿಳಿಯುತ್ತಾರೆ. ಆ ಮಾತನ್ನು ಮಗ ಜೀವನವಿಡೀ ಹೊತ್ತುಕೊಂಡು ತಿರುಗಿದರು. ನೊಗ ಎತ್ತಿನ ಕತ್ತಿನ ಮೇಲೆ ಎಲ್ಲಿ ಕೂರುತ್ತದೆಂದು ನೋಡಲು ಗಾಡಿ ಅಡ್ಡೆಯಲ್ಲಿ ಗಂಟೆಗಟ್ಟಲೆ ನಿಂತರು. ಬಲೆ ಬೀಸುವವನ ಹೆಬ್ಬೆರಳು ಒಳಗಿರುತ್ತದೋ ಹೊರಗಿರುತ್ತದೋ ತಿಳಿಯದೆ ರಾಯಪುರಂ ಕಡಲತೀರಕ್ಕೆ ಮೂರು ಬೆಳಿಗ್ಗೆ ಹೋಗಿ ಬಂದರು.

ಅವರು ಕೆಲಸ ಬಿಟ್ಟದ್ದು ಕಂಪ್ಯೂಟರು ಬಂದಾಗ. ಹೊಸದಾಗಿ ಬಂದವರು ಅವರ ಹಳೆಯ ಚಿತ್ರಗಳಿಂದ ಒಬ್ಬನ ತಲೆ, ಇನ್ನೊಬ್ಬನ ಕೈ ತೆಗೆದು ಹೊಸ ಚಿತ್ರ ಮಾಡತೊಡಗಿದ್ದರು. ಒಂದು ದಿನ ಹೊಸ ಪುಸ್ತಕ ತಿರುವುತ್ತಿದ್ದಾಗ ಮಂತ್ರಿಯ ಮೈಗೆ ತಮ್ಮದೇ ಬೇಡನ ತಲೆ ಕೂತಿರುವುದು ಕಂಡಿತು. ಪೆನ್ನು ಒರೆಸಿ ಡಬ್ಬಿಗೆ ಹಾಕಿ ಮನೆಗೆ ಹೋದವರು ಮತ್ತೆ ಬರಲಿಲ್ಲ.

"ಬರೆದುಕೊಡ್ತೀನಿ," ಎಂದರು ಆ ಮೊದಲ ದಿನ. "ಇದು ಕಡೇದು, ವಾರಿಜಾ. ಎಡಗಣ್ಣು ಮುಕ್ಕಾಲು ಹೋಗಿದೆ, ಬಲಗಣ್ಣೂ ಹೊರಟಿದೆ ಅಂದಿದಾರೆ ಡಾಕ್ಟ್ರು. ಅದಕ್ಕೆ ಒಂದೇ ಕಂಡೀಷನ್. ನಾನು ಹಾಕಿದ ಗೆರೆ ಹಾಗೇ ಅಚ್ಚಾಗಬೇಕು. ಮಾತ್ತೋದು ಕೂಡಾದು, ಏನೂ ಬದಲಾಯಿಸಬಾರದು. ಯಾರು ಜವಾಬ್ದಾರಿ? ಸುಂದರಂನಾ?"

"ನಾನು ಸಾರ್," ಎಂದೆ. "ಒಂದು ಗೆರೆಯನ್ನೂ ಯಾರೂ ಮುಟ್ಟುವುದಿಲ್ಲ. ನಾನು ನೋಡಿಕೊಳ್ತೇನೆ."

"ಸರಿ. ನಿನ್ನನ್ನೇ ಕೇಳ್ತೀನಿ."

ಹೀಗೆ ಶುರುವಾಯಿತು. ಅವರು ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಮಾತ್ರ ಬರೆಯುತ್ತಿದ್ದರು, ಅಷ್ಟು ಹೊತ್ತು ಕಿಟಕಿಯ ಬೆಳಕು ಅವರ ಕಣ್ಣಿಗೆ ಸಾಕಾಗುತ್ತಿತ್ತು. ರೈಲು ಹೋದಾಗಲೆಲ್ಲ ಮನೆ ನಡುಗುತ್ತಿತ್ತು, ಮೇಜೂ ನಡುಗುತ್ತಿತ್ತು. ಹಾಗಾಗಿ ಸಣ್ಣ ಗೆರೆಗಳನ್ನೆಲ್ಲ ಎರಡು ರೈಲುಗಳ ನಡುವೆ ಎಳೆಯುವುದು ಅವರ ಕ್ರಮ. ಟೈಮ್‌ಟೇಬಲ್ ಬಾಯಿಪಾಠ. ಮರ, ಗೋಡೆ, ಮೋಡಗಳನ್ನು ರೈಲು ಬಂದರೂ ಬರೆಯುತ್ತಿದ್ದರು. ಕಣ್ಣು, ತುಟಿ, ಬೆರಳು, ಜನಿವಾರ, ಇವಕ್ಕೆ ಮಾತ್ರ ಪೆನ್ನೆತ್ತಿ ಕಾಯುತ್ತಿದ್ದರು. "ಅರಕ್ಕೋಣಂ ಗಾಡಿ ಹೋಗಲಿ, ಆಮೇಲೆ ಏಳು ನಿಮಿಷ ಇದೆ," ಎನ್ನುವರು. ಆ ವರ್ಷದ ಹೊತ್ತಿಗೆ ಅವರ ಕೈಯೂ ನಡುಗುತ್ತಿತ್ತು. "ಈಗ ಟ್ರೈನ್ ಬರದಿದ್ರೂ ಮೇಜು ಅಲ್ಲಾಡತ್ತೆ," ಎಂದು ನಕ್ಕರು ಒಂದು ಸಲ. ಪದ್ಮಾ ನಗಲಿಲ್ಲ.

ಕಾಫಿ ಕುಡಿಯುತ್ತಾ ಅವರು ನನಗೆ ಒಂದೊಂದೇ ಪಾಠ ಹೇಳುತ್ತಿದ್ದರು. ಕೇಳುವವರು ಸಿಕ್ಕದೆ ಬಹಳ ದಿನವಾಗಿತ್ತೆಂದು ತೋರುತ್ತದೆ. ಅದರಲ್ಲಿ ಒಂದು, ಪುಸ್ತಕದಲ್ಲಿ ಮುಖಗಳು ಯಾವಾಗಲೂ ಒಳಕ್ಕೆ ನೋಡಬೇಕು ಎಂಬುದು. ಎಡಪುಟದ ಚಿತ್ರವಾದರೆ ಬಲಕ್ಕೆ, ಬಲಪುಟದ್ದಾದರೆ ಎಡಕ್ಕೆ, ಅಂದರೆ ಹೊಲಿಗೆಯ ಕಡೆಗೆ.

"ಹೊರಗೆ ನೋಡಿದ್ರೆ ಓದೋ ಮಗುವೂ ಹೊರಗೆ ನೋಡತ್ತೆ. ಪುಸ್ತಕ ಮುಚ್ಚಿ ಆಟಕ್ಕೆ ಹೋಗತ್ತೆ. ಇದು ಯಾರೂ ಹೇಳಿಕೊಟ್ಟಿದ್ದಲ್ಲ, ನಾನೇ ಕಂಡುಕೊಂಡಿದ್ದು. ಈಗಿನ ಹುಡುಗ್ರಿಗೆ ಗೊತ್ತೂ ಇಲ್ಲ, ಬೇಕಾಗೂ ಇಲ್ಲ."

ಆಫೀಸಿಗೆ ಹೋಗಿ ಹಳೆಯ ಪುಸ್ತಕಗಳನ್ನು ತೆಗೆದು ನೋಡಿದೆ. ನಲವತ್ತು ವರ್ಷದ ಪುಸ್ತಕಗಳಲ್ಲಿ ಒಂದು ಗಿಳಿಯೂ ಹೊರಗೆ ನೋಡುತ್ತಿರಲಿಲ್ಲ. ಒಂದು ಸಂಗತಿ ಅಷ್ಟು ವರ್ಷ ಕಣ್ಣೆದುರೇ ಇದ್ದು ಕಾಣದೆ ಹೋಗಿತ್ತಲ್ಲ ಎಂದು ನನ್ನ ಮೇಲೇ ಬೇಸರವಾಯಿತು.

ಆಗಸ್ಟಿನಲ್ಲಿ ಎಡವಟ್ಟು ಶುರುವಾಯಿತು. ಆರನೆಯ ಚಿತ್ರದಿಂದೀಚೆಗೆ ಬಂದ ಮುಖಗಳೆಲ್ಲ ಎಡಕ್ಕೇ ನೋಡುತ್ತಿದ್ದವು. ರಾಣಿ, ಕುರುಬ, ನರಿ, ಬಾವಿಕಟ್ಟೆಯ ಅಜ್ಜಿ, ಎಲ್ಲರೂ ಎಡಕ್ಕೆ. ಬಲಪುಟಕ್ಕೆ ಬಂದರೆ ಸರಿ, ಎಡಪುಟಕ್ಕೆ ಬಂದರೆ ಅವರ ನಿಯಮವೇ ಮುರಿಯುತ್ತದೆ. ಎರಡು ವಾರ ಸುಮ್ಮನಿದ್ದು, ಆಮೇಲೆ ಸಂಕೋಚದಿಂದ ಕೇಳಿದೆ.

ಅವರು ಪೆನ್ನಿನ ಮೊನೆ ಒರೆಸಿದರು. "ಬಲಗೈಯಲ್ಲಿ ಬರೆಯೋನಿಗೆ ಎಡಕ್ಕೆ ನೋಡೋ ಮುಖ ಸುಲಭ. ಹಣೆಯಿಂದ ಗಲ್ಲಕ್ಕೆ ಕೈ ತಾನಾಗೇ ಇಳಿಯತ್ತೆ. ಬಲಕ್ಕೆ ನೋಡೋ ಮುಖಕ್ಕೆ ಗೆರೆಯನ್ನ ತಳ್ಳಬೇಕು. ಮೊದಲು ತಳ್ತಿದ್ದೆ. ಈಗ ತಳ್ಳಿದ್ರೆ ಕೈ ನಡುಗತ್ತೆ, ಮೂಗು ಮೂಗಾಗಿ ಬರೋದಿಲ್ಲ." ಆಮೇಲೆ ನನ್ನ ಕಡೆ ತಿರುಗದೆಯೇ, "ಸುಂದರಂಗೆ ಹೇಳಬೇಡ. ಹೇಳಿದ್ರೆ ಮಿಕ್ಕಿದ್ದನ್ನ ಕಂಪ್ಯೂಟರ್ ಹುಡುಗ್ರಿಗೆ ಕೊಟ್ಟುಬಿಡ್ತಾನೆ," ಎಂದರು.

ನಾನು ಹೇಳಲಿಲ್ಲ. ಅದರ ಬದಲು ಪುಸ್ತಕವನ್ನೇ ಅವರ ಕೈಗೆ ತಕ್ಕಂತೆ ಕಟ್ಟತೊಡಗಿದೆ. ಎಡಕ್ಕೆ ನೋಡುವ ಚಿತ್ರಗಳೆಲ್ಲ ಬಲಪುಟಕ್ಕೇ ಬೀಳುವಂತೆ ಕಥೆಗಳನ್ನು ಹಿಗ್ಗಿಸಿದೆ, ಕುಗ್ಗಿಸಿದೆ, ಅವುಗಳ ಕ್ರಮ ಬದಲಿಸಿದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಡಿಲವಾಗುತ್ತಿತ್ತು. ತಮಿಳಿನ ವಾಕ್ಯ ಉದ್ದ, ತೆಲುಗಿನದು ಇನ್ನೂ ಉದ್ದ. ನಾಲ್ಕು ಭಾಷೆಯಲ್ಲೂ ಚಿತ್ರ ಅದೇ ಪುಟಕ್ಕೆ ಬರಬೇಕು. ಮೂರು ತಿಂಗಳು ಆ ಸರ್ಕಸ್ಸು ನಡೆಯಿತು. ಬೇರೆ ಯಾರಿಗೂ ಕಾಣದ ಕೆಲಸವದು. ಮನೆಗೆ ಬಂದು ಕುಸಿದು ಕೂತರೆ ಅಪ್ಪ, "ಎಂತ ಮಾರಾಯ್ತಿ, ಅವ್ರ್ ಚಿತ್ರ ಬರೆಯೂದಾ, ನೀನ್ ಬರೆಯೂದಾ?" ಎಂದು ಛೇಡಿಸುತ್ತಿದ್ದರು.

ಕೊನೆಯ ಕಥೆಯ ಕೊನೆಯ ಚಿತ್ರ ಒಂದು ಮದುವೆಯದು. ಕಾಡಿನಲ್ಲಿ ಕಳೆದುಹೋಗಿದ್ದ ಮಗಳು ಸಿಕ್ಕಿ, ಬಡ ಬ್ರಾಹ್ಮಣನೊಬ್ಬ ಅವಳನ್ನು ಧಾರೆಯೆರೆದು ಕೊಡುವುದು. ಆಚಾರ್ ಅದನ್ನು ಅಕ್ಟೋಬರಿನಲ್ಲಿ ಕೈಗೆತ್ತಿಕೊಂಡರು. ಮೂರು ವಾರ ಹಿಡಿಯಿತು. ಗೆರೆಯಿರಲಿ, ಹಾಳೆಯೇ ಅವರ ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಮುಖವನ್ನು ಕಾಗದಕ್ಕೆ ತಾಗಿಸಿದಂತೆ ಬಗ್ಗಿ ಬರೆಯುತ್ತಿದ್ದರು. ಎಲ್ಲಾ ಮುಗಿದು ಆ ತಂದೆಯ ಜನಿವಾರವೊಂದು ಉಳಿದ ದಿನ ನಾನು ಅಲ್ಲಿದ್ದೆ.

"ಜನಿವಾರ ಎರಡು ಉಸಿರಲ್ಲಿ ಬರೆಯೋಹಾಗಿಲ್ಲ. ತುಂಡಾದ ಹಾಗೆ ಕಾಣತ್ತೆ," ಎಂದರು. ರದ್ದಿ ಕಾಗದದ ಮೇಲೆ ಹನ್ನೊಂದು ಸಲ ಎಳೆದು ನೋಡಿದರು. ಹನ್ನೊಂದೂ ಅಂಕುಡೊಂಕು. ಒಂದು ರೈಲು ಹೋಯಿತು. ಇನ್ನೊಂದು ಹೋಯಿತು. ಪದ್ಮಾ ಅಡುಗೆಮನೆಯಲ್ಲಿ ಮಿಕ್ಸಿ ಹಾಕಲು ಹೊರಟವರು ಕೈ ತೆಗೆದು ನಿಂತರು. ಆಮೇಲೆ ಆಚಾರ್ ಪೆನ್ನು ಅದ್ದಿ, ಉಸಿರು ಕಟ್ಟಿ, ಎಡ ಭುಜದಿಂದ ಬಲ ಸೊಂಟಕ್ಕೆ ಒಂದೇ ಗೆರೆ ಇಳಿಸಿದರು. ಅದು ಹಳೆಯ ಪುಸ್ತಕಗಳಲ್ಲಿದ್ದ ಹಾಗೆಯೇ ಬಂತು, ಕೂದಲಿನಷ್ಟು ತೆಳ್ಳಗೆ.

"ಸಾಕು," ಎಂದು ಪೆನ್ನು ಕೆಳಗಿಟ್ಟರು. "ಇನ್ನು ಬರೆಯೋದಿಲ್ಲ. ಕಡೇದು ಸರಿಯಾಗಿ ಬಂತು, ನೋಡು. ಕಡೇದನ್ನೇ ಜನ ನೆನಪಿಟ್ಟುಕೊಳ್ಳೋದು."

ಆ ತಂದೆಯೂ ಎಡಕ್ಕೇ ನೋಡುತ್ತಿದ್ದ. ಆ ಚಿತ್ರ ಬರಬೇಕಾದದ್ದು ತೊಂಬತ್ತಾರನೆಯ ಪುಟ, ಪುಸ್ತಕದ ಕೊನೆಯ ಪುಟ, ಎಡಪುಟ. ಅದನ್ನು ಮುಂದಕ್ಕೆ ತಳ್ಳುವಂತಿಲ್ಲ, ಆಮೇಲೆ ಪುಟವೇ ಇಲ್ಲ. ಹಿಂದಕ್ಕೆ ಎಳೆದರೆ ಮದುವೆ ಆದಮೇಲೆ ಹುಡುಗಿ ಕಾಡಿನಲ್ಲಿ ಕಳೆದುಹೋಗುತ್ತಾಳೆ. ಹೇಗೋ ಆಗುತ್ತದೆ, ನೋಡೋಣವೆಂದು ಚಿತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದೆ.

ನವೆಂಬರಿನ ಕೊನೆಯಲ್ಲಿ ಮಳೆ ಹಿಡಿಯಿತು. ವೇಲಚೇರಿಯಲ್ಲಿ ಮಳೆಯೆಂದರೆ ಆಕಾಶಕ್ಕಿಂತ ಹೆಚ್ಚಾಗಿ ನೆಲದಿಂದ ಬರುವುದು. ಕೆರೆಯಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟು ಕಟ್ಟಿದ್ದರು, ನೀರು ತನ್ನ ಜಾಗ ಕೇಳಿಕೊಂಡು ಬಂತು. ನಮ್ಮದು ನೆಲಮಹಡಿ. ಮೊಣಕಾಲುದ್ದ ಚರಂಡಿ ನೀರು, ಅದರಲ್ಲಿ ತೇಲುವ ಅಕ್ಕಿಡಬ್ಬಿ, ಅಡುಗೆಕಟ್ಟೆಯ ಮೇಲೆ ಕಾಲು ಮಡಚಿ ಕೂತ ಅಪ್ಪ. ಅಪ್ಪನನ್ನು ಮೇಲಿನ ಮನೆಯವರಲ್ಲಿ ಬಿಟ್ಟು, ಒಂದು ವಾರ ನೀರೆತ್ತಿ, ಕೆಸರು ಬಳಿದು, ಹಾಸಿಗೆ ಬಿಸಾಡಿದೆ. ಮೈಯಲ್ಲಿ ಜೀವವೇ ಇರಲಿಲ್ಲ. ಆಫೀಸಿಗೆ ಹೋದ ಮೊದಲ ಮಧ್ಯಾಹ್ನವೇ ಸುಂದರಂ ಬಂದು ನನ್ನ ಮೇಜಿನ ಮೇಲೆ ಕೈಯೂರಿ ನಿಂತರು.

"ಇನ್ನಿಕ್ಕಿ, ಇವತ್ತೇ ಸಾಯಂಕಾಲ, ಪ್ರೆಸ್‌ಗೆ ಪೋಗಣುಂ. ಇಲ್ಲಾಂದ್ರೆ ಪುಸ್ತಕ ಸಂತೆ ಮರೆತುಬಿಡಿ."

ಇಪ್ಪತ್ತಮೂರು ಚಿತ್ರ ಸರಿಯಾಗಿದ್ದವು. ತೊಂಬತ್ತಾರನೆಯ ಪುಟದಲ್ಲಿ ಆ ತಂದೆ ಪುಸ್ತಕದ ಹೊರಗೆ ನೋಡುತ್ತಾ ನಿಂತಿದ್ದ. ಆಚಾರ್ ಇದನ್ನು ನೋಡಿದರೆ ನೊಂದುಕೊಳ್ಳುತ್ತಾರೆ, ಅವರೇ ಮಾಡಿದ ನಿಯಮ ಅವರ ಕೊನೆಯ ಚಿತ್ರದಲ್ಲೇ ಮುರಿದಂತಾಗುತ್ತದೆ ಎಂದು ನಾನು ಯೋಚಿಸಿದೆ. ನಿಜವಾಗಿಯೂ ಹಾಗೆಯೇ ಯೋಚಿಸಿದೆ. ಕಂಪ್ಯೂಟರಿನಲ್ಲಿ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಲು ಒಂದು ಗುಂಡಿ ಒತ್ತಿದರೆ ಆಯಿತು. ಒತ್ತಿದೆ. ತಂದೆ ಒಳಕ್ಕೆ ನೋಡಿದ. ಪುಟ ಎಷ್ಟು ಚೆನ್ನಾಗಿ ಕಂಡಿತೆಂದರೆ, ಮೂರು ತಿಂಗಳ ಮೇಲೆ ಮೊದಲ ಸಲ ನನಗೆ ಹಾಯೆನ್ನಿಸಿತು. ಗೆರೆಯನ್ನು ಮುಟ್ಟಿಲ್ಲವಲ್ಲ, ಬರೀ ತಿರುಗಿಸಿದ್ದಲ್ಲವೇ ಎಂದುಕೊಂಡೆ. ಸಂಜೆ ಪುಸ್ತಕ ರಾಯಪುರಂನಲ್ಲಿದ್ದ ಪ್ರೆಸ್ಸಿಗೆ ಹೋಯಿತು.

ಡಿಸೆಂಬರಿನಲ್ಲಿ ಕನ್ನಡದ ಹತ್ತು ಪ್ರತಿ ಹಿಡಿದು ಪೆರಂಬೂರಿಗೆ ಹೋದೆ. ಮಳೆ ನಿಂತು, ಗಾಳಿಗೆ ಚಳಿಯ ಒಂದು ಎಳೆ ಸೇರಿಕೊಂಡಿತ್ತು. ಆಚಾರ್ ಕೈ ತೊಳೆದು ಬಂದು, ಮಸೂರ ಹಿಡಿದು, ಒಂದೊಂದೇ ಪುಟ ನೋಡಿದರು. ಪ್ರತಿ ಚಿತ್ರವೂ ಒಳಗೆ ನೋಡುವುದನ್ನು ಕಂಡು, "ಪರವಾಯಿಲ್ಲಯೇ, ಎಲ್ಲಾನೂ ಬಲಪುಟಕ್ಕೇ ತಂದಿದ್ದೀಯ," ಎಂದು ನನ್ನ ಕಡೆ ನೋಡಿ ನಕ್ಕರು. ಆ ಒಂದು ನಗುವಿಗೆ ಮೂರು ತಿಂಗಳ ಸುಸ್ತು ಇಳಿದಂತಾಯಿತು.

ಕೊನೆಯ ಪುಟಕ್ಕೆ ಬಂದು ನಿಂತರು. ಮಸೂರ ಹತ್ತಿರ ತಂದರು, ದೂರ ಒಯ್ದರು.

"ಪದ್ಮಾ, ಇಲ್ಲಿ ಬಾ. ನನ್ನ ಕಣ್ಣು ನಂಬೋಹಾಗಿಲ್ಲ. ಜನಿವಾರ ಯಾವ ಭುಜದ ಮೇಲಿದೆ?"

ಪದ್ಮಾ ಬಗ್ಗಿ ನೋಡಿದರು. ತಮ್ಮದೇ ಭುಜ ಮುಟ್ಟಿಕೊಂಡು, ಚಿತ್ರದ ಕಡೆ ನಿಂತು, ಇನ್ನೊಮ್ಮೆ ನೋಡಿದರು. "ವಲದು ಪಕ್ಕಂ, ಅಪ್ಪಾ. ಬಲಕ್ಕೆ."

ಎಡ ಭುಜದ ಮೇಲಿರಬೇಕಾದ ಜನಿವಾರ ಬಲ ಭುಜಕ್ಕೆ ಬರುವುದು ಅಪಸವ್ಯ. ಸತ್ತವರಿಗೆ ತಿಲತರ್ಪಣ ಬಿಡುವಾಗ, ಶ್ರಾದ್ಧ ಮಾಡುವಾಗ ಹಾಗೆ ಹಾಕಿಕೊಳ್ಳುವುದು. ಮಗಳನ್ನು ಧಾರೆಯೆರೆಯುವ ತಂದೆ ನಾಲ್ಕು ಭಾಷೆಗಳಲ್ಲೂ ಅಪಸವ್ಯವಾಗಿ ನಿಂತಿದ್ದ. ಧಾರೆಯ ನೀರು ಬಿಡುತ್ತಿದ್ದುದೂ ಎಡಗೈಯಲ್ಲಿ. ಹುಟ್ಟಿದಾಗಿನಿಂದ ಅಪ್ಪನ ಮೈಮೇಲೆ ಜನಿವಾರ ನೋಡುತ್ತಾ ಬಂದವಳು ನಾನು. ವರ್ಷವರ್ಷ ಅಜ್ಜನ ತಿಥಿಗೆ ಅಪ್ಪ ಅದನ್ನು ಬಲಕ್ಕೆ ಬದಲಿಸಿಕೊಳ್ಳುವುದನ್ನು ಕಣ್ಣಾರೆ ಕಂಡವಳು. ಆ ಮಧ್ಯಾಹ್ನ ನನ್ನ ಕಣ್ಣಿಗೆ ಮುಖವೊಂದೇ ಕಂಡಿತ್ತು.

"ಮದುವೆ ಮನೇಲಿ ಶ್ರಾದ್ಧ ಮಾಡಿಸಿದಂಗಾಯ್ತು," ಎಂದರು ಆಚಾರ್, ಬಹಳ ಮೆತ್ತಗೆ. "ಯಾರು ತಿರುಗಿಸಿದ್ದು ಇದನ್ನ?"

ನಾನು ಹೇಳಬೇಕಾಗಿತ್ತು. ಬಾಯಿಗೆ ಬಂದದ್ದು ಬೇರೆ.

"ಪ್ರೆಸ್ಸಿನವರು ಸಾರ್. ಕೊನೇ ಗಳಿಗೆಯಲ್ಲಿ ಏನೋ ಎಡವಟ್ಟು ಮಾಡಿಬಿಟ್ಟಿದ್ದಾರೆ. ನನಗೆ ತೋರಿಸಲೇ ಇಲ್ಲ."

ಅವರು ಮಸೂರವನ್ನು ಪುಸ್ತಕದ ಮೇಲಿಟ್ಟರು. "ಹೌದು. ನೀನು ನೋಡಿದ್ರೆ ಬಿಡ್ತಿರಲಿಲ್ಲ," ಎಂದರು. ಪದ್ಮಾ ಕಾಫಿ ತಂದುಕೊಟ್ಟರು. ಹೇಗೆ ಕುಡಿದೆನೋ, ಹೇಗೆ ರೈಲು ಹತ್ತಿದೆನೋ ನೆನಪಿಲ್ಲ.

ಸಂತೆಯಲ್ಲಿ ಪುಸ್ತಕ ಚೆನ್ನಾಗಿ ಹೋಯಿತು. ಸುಂದರಂ ಎಲ್ಲರಿಗೂ ಸಿಹಿ ಹಂಚಿದರು. ಯಾರು ತಿರುಗಿಸಿದ್ದೆಂಬುದನ್ನು ಬಿಟ್ಟು ಜನಿವಾರದ ವಿಷಯವಷ್ಟೇ ನಾನು ಅವರಿಗೆ ಹೇಳಿದಾಗ, "ಯಾರು ಅಷ್ಟು ನೋಡ್ತಾರೆ, ವಿಡುಂಗ," ಎಂದು ಕೈ ಕೊಡವಿದರು. ಅವರು ಹೇಳಿದ್ದು ನಿಜ. ಒಂದು ಪತ್ರವೂ ಬರಲಿಲ್ಲ. ಹಿಂದೆ ಆಗಿದ್ದರೆ ಹತ್ತು ಕಡೆಯಿಂದ ಬರುತ್ತಿದ್ದವು. ಅದು ನನಗೆ ಸಮಾಧಾನ ಕೊಡುವ ಬದಲು ಇನ್ನಷ್ಟು ಕುಗ್ಗಿಸಿತು. ನೋಡುವ ಕಣ್ಣು ಆ ಊರಿನಲ್ಲಿ ಒಂದೇ ಉಳಿದಿತ್ತು, ಅದೂ ಹೊರಟುನಿಂತಿತ್ತು, ಆ ಕಣ್ಣಿಗೇ ನಾನು ಇದನ್ನು ತೋರಿಸಿದ್ದೆ.

ಪೊಂಗಲ್ ಕಳೆದ ಮೇಲೆ ಪದ್ಮಾ ಆಫೀಸಿಗೆ ಫೋನ್ ಮಾಡಿದರು. "ಅಪ್ಪಾ ಕೂಪ್ಪಿಡ್ತಿದಾರೆ. ಬೆಳಗ್ಗೆ ಎಂಟಕ್ಕೆ ಬರೋಕಾಗತ್ತಾ?" ಅಪ್ಪ ಕರೆಯುತ್ತಿದ್ದಾರೆ ಎಂದರೆ ಹೋಗದೆ ಇರುವುದು ಹೇಗೆ? ಹೋದೆ.

ಮೇಜಿನ ಮೇಲೆ ಆ ಹತ್ತೂ ಪ್ರತಿಗಳಿದ್ದವು. ಪಕ್ಕದಲ್ಲಿ ಬಿಳಿ ಬಣ್ಣದ ಪುಟ್ಟ ಬಾಟಲಿ, ಕುಂಚ, ಕಪ್ಪು ಶಾಯಿ, ಪೆನ್ನು. ಆರು ಪ್ರತಿಗಳಲ್ಲಿ ಅವರು ಬಲಭುಜದ ಮೇಲಿನ ಗೆರೆಯನ್ನು ಬಿಳಿಯಿಂದ ಮುಚ್ಚಿ, ಆಚೆಯ ಎಡಭುಜದಿಂದ ಈಚೆಯ ಸೊಂಟಕ್ಕೆ ಹೊಸ ಜನಿವಾರ ಬರೆದಿದ್ದರು. ಒಂದು ತಿಂಗಳು ಅದೇ ಕೆಲಸ ಮಾಡಿದ್ದರಂತೆ. ಧಾರೆಯ ಎಡಗೈಯನ್ನು ಮಾತ್ರ ಬದಲಿಸುವಂತಿರಲಿಲ್ಲ, ಅದನ್ನು ಹಾಗೇ ಬಿಟ್ಟಿದ್ದರು. ಮೊದಲನೆಯದು ನೇರವಾಗಿತ್ತು. ಆರನೆಯದು ನೋಡಲಾಗದಷ್ಟು ನಡುಗಿತ್ತು. ಮಿಕ್ಕ ನಾಲ್ಕರಲ್ಲಿ ಬಿಳಿ ಬಣ್ಣ ಮಾತ್ರ ಬಳಿದಿತ್ತು, ಆ ತಂದೆಯ ಮೈ ಬರಿದಾಗಿತ್ತು.

ಪದ್ಮಾ ಕೆಲಸಕ್ಕೆ ಹೊರಟು ಬಾಗಿಲು ಮುಚ್ಚಿದ ಮೇಲೆ ಅವರು ಪೆನ್ನನ್ನು ನನ್ನ ಕಡೆ ಚಾಚಿದರು.

"ನನ್ನ ಕೈಯಲ್ಲಿ ಇನ್ನಾಗೋದಿಲ್ಲ. ಈ ನಾಲ್ಕು ನೀನು ಹಾಕು."

"ನಾನಾ ಸಾರ್? ನನಗೆ ನೆಟ್ಟಗೆ ಒಂದು ಗೆರೆ ಎಳೆಯಲಿಕ್ಕೂ ಬರುವುದಿಲ್ಲ."

"ತಿರುಗಿಸೋಕೆ ಬಂತಲ್ಲ."

ಹೊರಗೆ ಒಂದು ಗೂಡ್ಸ್ ಗಾಡಿ ಹೋಗುತ್ತಲೇ ಇತ್ತು. ಅದು ಪೂರ್ತಿ ಹೋಗುವವರೆಗೆ ಅವರು ಕಾದರು.

"ಪ್ರೆಸ್‌ನವರಿಗೆ ಮುಖ ಎತ್ತ ನೋಡಬೇಕು ಅಂತ ಏನು ಗೊತ್ತು, ವಾರಿಜಾ? ಅವರಿಗೆ ಕಾಗದ ಗೊತ್ತು, ಇಂಕು ಗೊತ್ತು. ಒಳಕ್ಕೆ ನೋಡಬೇಕು ಅಂತ ನಾನು ಹೇಳಿಕೊಟ್ಟಿದ್ದು ನಿನಗೊಬ್ಬಳಿಗೇ."

"ಅವತ್ತೇ ಗೊತ್ತಿತ್ತಾ ಸಾರ್?"

"ಅವತ್ತೇ. ಪದ್ಮಾ ಎದುರಿಗೆ ನಿನ್ನ ಮರ್ಯಾದೆ ತೆಗೀಬಾರದು ಅಂತ ಬಿಟ್ಟೆ." ಅವರು ಮಸೂರವನ್ನು ಪಂಚೆಯಂಚಿನಿಂದ ಒರೆಸಿದರು. "ಒಂದು ಮಾತು ಕೇಳಿದ್ದಿದ್ರೆ ನಾನೇ ಬಲಕ್ಕೆ ನೋಡೋಹಾಗೆ ಇನ್ನೊಂದು ಬರೆದುಕೊಡ್ತಿದ್ದೆ."

ಬರೆಯಲು ಆಗುತ್ತಿರಲಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ತಪ್ಪಾಯಿತು ಸಾರ್," ಎಂದೆ. ತಿರುಗಿಸಿದ್ದಕ್ಕಿಂತ ಸುಳ್ಳು ಹೇಳಿದ್ದಕ್ಕೆ ಹೆಚ್ಚು ನಾಚಿಕೆಯಾಗಿತ್ತು. ಅವರು ಶಾಯಿ ಬಾಟಲಿಯನ್ನು ನನ್ನ ಹತ್ತಿರಕ್ಕೆ ತಳ್ಳಿದರು.

"ಆಚೆ ಭುಜದಿಂದ ಶುರುಮಾಡು. ಉಸಿರು ಹಿಡ್ಕೋ. ಮಧ್ಯ ಕೈ ಎತ್ತಬೇಡ."

ಎತ್ತಲಿಲ್ಲ. ಗೆರೆ ದಪ್ಪಗೆ ಬಂತು, ಎದೆಯ ಹತ್ತಿರ ಸ್ವಲ್ಪ ಸೊಟ್ಟಗಾಯಿತು. ಅವರು ಪುಸ್ತಕವನ್ನು ಎಳೆದುಕೊಂಡು, ಮಸೂರದ ಹಿಂದೆ ಆ ಒಂದು ಕಣ್ಣನ್ನಿಟ್ಟು, ಬಹಳ ಹೊತ್ತು ನೋಡಿದರು. ಬೆರಳ ತುದಿಯಿಂದ ಶಾಯಿ ಒಣಗಿದೆಯೇ ಎಂದು ಮುಟ್ಟಿದರು.

"ಕೊಂಚ ದಪ್ಪ ಆಯ್ತು," ಎಂದರು. "ಎಡಕ್ಕೆ ಇದೆ, ಸಾಕು."

ಮಿಕ್ಕ ಮೂರನ್ನೂ ಬರೆದೆ. ಒಂಬತ್ತು ಪ್ರತಿಗಳನ್ನು ಅವರು ಬೇರೆಬೇರೆ ಕಡೆ ಕೊಡಲೆಂದು ಹೆಸರು ಹೇಳಿ ನನ್ನಿಂದಲೇ ಚೀಟಿ ಬರೆಸಿದರು: ತಂಗಿಗೆ, ಮಠಕ್ಕೆ, ಕಾರ್ಖಾನೆಯ ಹಳೆಯ ಗೆಳೆಯನಿಗೆ, ಕಣ್ಣಿನ ಡಾಕ್ಟರಿಗೆ, ಹೀಗೆ. ಅವರೇ ಬರೆದ ಆರೂ ಅದರಲ್ಲಿ ಹೋದವು. ನಾನು ಮೊದಲು ಬರೆದ, ಗೆರೆ ದಪ್ಪಗಾಗಿದ್ದ ಪ್ರತಿ ಅವರ ತೊಡೆಯ ಮೇಲೆ ಉಳಿದಿತ್ತು.

"ಇದಕ್ಕೆ ಯಾರ ಹೆಸರು ಸಾರ್?"

"ಅದಕ್ಕೆ ಚೀಟಿ ಬೇಡ," ಎಂದರು. "ಅದು ಮನೇಲಿರತ್ತೆ."